ಲಿಂಗ ಕಟ್ಟದ ಬೆಕ್ಕು

ಬಸವಕಲ್ಯಾಣದ ಕಿಲ್ಲಾ ಹತ್ತಿರದ ಗಲ್ಲಿಯಲ್ಲಿ ತುಳಜಾಬಾಯಿಯ ಮನೆ ಯಾವುದೆಂದು ಕೇಳಿದರೆ, "ಯಾರು, ಬೆಕ್ಕಿನ ಬಾಯಿನಾ?" ಎಂದು ತಿರುಗಿ ಕೇಳುತ್ತಿದ್ದರು. ಗಂಡ ಬಕ್ಕಪ್ಪನ ಹೆಸರು ಹೇಳಿದರೆ ಬೇಗ ಗೊತ್ತಾಗುತ್ತಿತ್ತು, ಆದರೆ ದಾರಿ ತೋರಿಸುವವರ ಮುಖ ಸ್ವಲ್ಪ ಬಿಗಿಯುತ್ತಿತ್ತು. ಬಕ್ಕಪ್ಪ ಕಿರಾಣಿ ವ್ಯಾಪಾರಿ. ಮುಂಜಾನೆ ಎರಡು ತಾಸು ಲಿಂಗಪೂಜೆ, ಹಣೆ ತುಂಬ ವಿಭೂತಿ. ಪೂಜೆ ಮುಗಿಸಿ ಏಳುವಾಗ ಚಹಾ ತಡವಾದರೆ ಅದೇ ವಿಭೂತಿಯ ಕೈ ಹೆಂಡತಿಯ ಕೆನ್ನೆಗೆ ಬೀಳುತ್ತಿತ್ತು. ಮಾತಿಗಿಂತ ಕೈ ಮುಂದು. ಇದು ಊರಿಗೆಲ್ಲ ಗೊತ್ತಿತ್ತು, ಮತ್ತು ಊರೆಲ್ಲ ಅವನ ಅಂಗಡಿಯಲ್ಲೇ ಬೇಳೆ ಕೊಳ್ಳುತ್ತಿತ್ತು.

ತುಳಜಾಬಾಯಿಯ ಮೊದಲ ಬೆಕ್ಕು ಸತ್ತದ್ದು ೧೯೯೩ರಲ್ಲಿ. ಅದು ಮಾಡಿದ ತಪ್ಪು ಇಷ್ಟೇ: ಬಕ್ಕಪ್ಪನ ಪೂಜೆಯ ಆಸನದ ಮೇಲೆ ಬಿಸಿಲು ಬಿದ್ದಿತ್ತು, ಹೋಗಿ ಮಲಗಿತು. ಬೆಕ್ಕು ಕೊಂದವನು ಬಂಗಾರದ ಬೆಕ್ಕು ಮಾಡಿಸಿ ದಾನ ಕೊಡಬೇಕೆಂಬ ಮಾತಿದೆಯಲ್ಲ, ಬಕ್ಕಪ್ಪ ಅದನ್ನು ಮರೆಯುವವನಲ್ಲ. ಕೈಯಿಂದ ಮುಟ್ಟಲಿಲ್ಲ. ಬಾಗಿಲು ತೆರೆದು ಕಾಲಿನಿಂದ ಒದ್ದ. ಹೊರಗೆ ಗಲ್ಲಿಯ ನಾಯಿಗಳು ಐದಿದ್ದವು. ಒಂದು ಕುತ್ತಿಗೆ ಹಿಡಿಯಿತು, ಉಳಿದವು ಕಾಲು ಹಂಚಿಕೊಂಡವು. ತುಳಜಾಬಾಯಿ ಕಸಬರಿಗೆ ಹಿಡಿದು ಓಡಿದಾಗ ಉಳಿದಿದ್ದನ್ನು ಸೆರಗಿನಲ್ಲಿ ಬಳಿದುಕೊಳ್ಳಬೇಕಾಯಿತು. ಬಕ್ಕಪ್ಪ ಆಸನ ಝಾಡಿಸಿ ಮತ್ತೆ ಕೂತ.

"ನಾಯಿ ಕೊಂದಾವ. ನಾ ಏನ್ ಕೊಂದೀನಿ?" ಎಂದ.

ಎರಡು ವರ್ಷದ ಮೇಲೆ ಹಿತ್ತಲ ಗೋಡೆಯಾಚೆಯ ವಜೀರಬಿ ಒಂದು ಮರಿ ಕೊಟ್ಟಳು. ಹಣೆಯ ಮೇಲೆ ಬಿಳಿ ಚುಕ್ಕೆಯಿದ್ದ ಕರಿ ಮರಿ. ಚಂದ್ರಿ ಎಂದು ಹೆಸರಿಟ್ಟಳು. ಇದು ಹೊಸ್ತಿಲು ದಾಟಬಾರದು ಎಂದು ಅವತ್ತೇ ಪಣ ತೊಟ್ಟಳು. ಒಳಗೇ ಬದುಕಬೇಕಾದ ಜೀವಕ್ಕೆ ಒಳಗೇ ಊರು ಕಟ್ಟಿಕೊಡಬೇಕಲ್ಲ? ಅದರ ಹೊಲಸಿಗೆಂದು ಎಣ್ಣೆ ಡಬ್ಬಿ ಅಡ್ಡ ಕೊಯ್ಯಿಸಿ ಮರಳು ತುಂಬಿ, ದಿನಾ ಎರಡು ಸಲ ಬಳಿದಳು. ಉಗುರು ಕೆರೆಯಲಿ ಎಂದು ಕಂಬಕ್ಕೆ ಗೋಣಿತಟ್ಟು ಸುತ್ತಿದಳು. ಗುಬ್ಬಿ ನೋಡಲಿ ಎಂದು ಕಿಟಕಿಗೆ ಹಲಗೆ ಬಡಿದಳು. ಸಂಜೆ ಹರಿದ ಸೀರೆಯ ಅಂಚು ನೆಲದ ಮೇಲೆ ಎಳೆಯುತ್ತ ಮನೆಯೆಲ್ಲ ಓಡಿಸುತ್ತಿದ್ದಳು. ಅಂಗಡಿಯಲ್ಲಿ ಬಕ್ಕಪ್ಪ ಇಲಿಗೆ ವಿಷ ಇಡುತ್ತಿದ್ದ. ವಿಷ ತಿಂದ ಇಲಿ ಮನೆಗೆ ಬಂದರೆ ಚಂದ್ರಿಯ ಗತಿ? ಅದಕ್ಕೆ ಒಂದು ಬಿಲವನ್ನೂ ಬಿಡದೆ ಸಿಮೆಂಟ್ ಮೆತ್ತಿದಳು. ಊಟಕ್ಕೆ ಹಾಲು, ತುಪ್ಪ ಸವರಿದ ಜೋಳದ ರೊಟ್ಟಿ. ಲಿಂಗಾಯತರ ಮನೆಯ ಬೆಕ್ಕು ಮತ್ತೇನು ತಿಂದೀತು?

೧೯೯೭ರ ಬೇಸಿಗೆಯಲ್ಲಿ ಚಂದ್ರಿ ಬಾಗಿಲ ಚೌಕಟ್ಟಿಗೆ ತಲೆ ಬಡಿದುಕೊಂಡಿತು. ಮರುದಿನ ಕಿಟಕಿಗೆ ಜಿಗಿದು ಹಲಗೆ ತಪ್ಪಿ ಬಿತ್ತು. ನಡುಹಗಲಲ್ಲೂ ಕಣ್ಣಿನ ಪಾಪೆ ಅಗಲವಾಗಿಯೇ ಇರುತ್ತಿತ್ತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ತುಳಜಾಬಾಯಿ ಅದನ್ನು ಕೈಚೀಲದಲ್ಲಿಟ್ಟುಕೊಂಡು, ಗಂಡನಿಗೆ ಹೇಳದೆ, ಹುಮನಾಬಾದಿನ ಬಸ್ಸು ಹತ್ತಿದಳು. ಅಲ್ಲಿನ ದನದ ದವಾಖಾನೆಯ ಸಾಲಿನಲ್ಲಿ ಎಮ್ಮೆ ಹಿಡಿದು ನಿಂತಿದ್ದ ಗಂಡಸರು ನಕ್ಕರು.

"ಎಮ್ಮಿಗೇ ನೆಳ್ಳಿಲ್ಲ, ಬೆಕ್ಕಿಗಿ ದವಾಖಾನಿ ಅಂತ!"

ಡಾಕ್ಟರ್ ಖಮರುದ್ದೀನ್ ನಗಲಿಲ್ಲ. ಬ್ಯಾಟರಿ ಹಾಕಿ ಕಣ್ಣು ನೋಡಿದರು, ಎದೆಗೆ ನಳಿಗೆ ಇಟ್ಟು ಬಹಳ ಹೊತ್ತು ಕೇಳಿದರು.

"ಏನ್ ತಿನಸ್ತೀರಿ ಬಾಯಿ ಇದಕ್ಕ?"

"ಹಾಲು, ರೊಟ್ಟಿ, ತುಪ್ಪ ರೀ. ನಾವು ಉಂಡದ್ದೇ."

"ಇಲಿ?"

"ಒಂದೂ ಬಿಟ್ಟಿಲ್ರಿ ಸಾಹೇಬ್ರ. ಎಲ್ಲಾ ಬಿಲ ನಾನೇ ಮುಚ್ಚೀನಿ," ಎಂದಳು, ಹೆಮ್ಮೆಯಿಂದ.

ಡಾಕ್ಟರು ನಳಿಗೆ ಕೆಳಗಿಟ್ಟರು. "ಬಾಯಿ, ಮಾಂಸದಾಗ ಒಂದು ಸತ್ವ ಇರ್ತದ. ಅದಿಲ್ಲಂದ್ರ ಬೆಕ್ಕಿನ ಕಣ್ಣು ಹೋಗ್ತಾವ, ಆಮ್ಯಾಲ ಎದಿ. ಕಣ್ಣು ಹೋಗ್ಯಾವ, ವಾಪಸ್ ಬರಾಂಗಿಲ್ಲ. ಎದಿ ಇನ್ನೂ ಉಳಿಸಬಹುದು. ದಿನಾ ಒಂದ್ ಹಿಡಿ ಕಲೇಜಿ, ಅಂದ್ರ ಕುರಿ ಲಿವರ್, ಮಾಂಸ ಹಾಕ್ರಿ. ಇಲ್ಲಂದ್ರ ಎರಡು ತಿಂಗಳು."

ತಿರುಗಿ ಬರುವ ಬಸ್ಸಿನಲ್ಲಿ ಅವಳು ಅತ್ತಳು. ಬಕ್ಕಪ್ಪ ಹೊಡೆದಾಗಲೂ ಹಾಗೆ ಅತ್ತವಳಲ್ಲ. ಆ ಕಣ್ಣು ಕಿತ್ತವಳು ತಾನೇ ಎಂಬ ಸಂಕಟ ಅದು.

ಮಾರನೆಯ ದಿನದಿಂದ ಬಕ್ಕಪ್ಪ ಅಂಗಡಿಗೆ ಹೋದ ಮೇಲೆ ವಜೀರಬಿ ಹಿತ್ತಲ ಗೋಡೆಯ ಮೇಲೆ ಎಲೆಯಲ್ಲಿ ಸುತ್ತಿದ ಬೇಯಿಸಿದ ಕಲೇಜಿ ಇಡತೊಡಗಿದಳು. ತುಳಜಾಬಾಯಿ ಅದನ್ನು ಬಚ್ಚಲಲ್ಲಿ ತಿನ್ನಿಸಿ, ನೆಲ ತೊಳೆದು, ತಲೆಮೇಲೆ ನೀರು ಹೊಯ್ದುಕೊಂಡು ಅಡುಗೆಮನೆಗೆ ಹೋಗುತ್ತಿದ್ದಳು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಹಾಗೆ, ಜಗತ್ತಿಗೆ ಗೊತ್ತೇ ಇಲ್ಲ ಎಂದುಕೊಂಡಳು. ತಿಂಗಳೊಪ್ಪತ್ತಿನಲ್ಲಿ ಚಂದ್ರಿಯ ಏದುಸಿರು ನಿಂತಿತು. ಗೋಡೆಗೆ ಮೀಸೆ ತಾಗಿಸಿಕೊಂಡು ಮನೆಯೆಲ್ಲ ಓಡಾಡತೊಡಗಿತು. ಮೈಯಲ್ಲಿ ಕಸುವು ಬಂದ ಮೇಲೆ ಬೆಕ್ಕಿಗೆ ಬುದ್ಧಿಯೂ ಬರಬೇಕೆಂದೇನಿಲ್ಲ. ಒಂದು ಮಧ್ಯಾಹ್ನ ಕಲೇಜಿಯ ತುಂಡು ಕಚ್ಚಿಕೊಂಡು ಬಂದು, ಮೆತ್ತಗಿನ ಜಾಗ ಹುಡುಕಿ, ಆಸನದ ಮೇಲೆ ಕೂತು ತಿನ್ನುತ್ತಿತ್ತು. ಅದೇ ಹೊತ್ತಿಗೆ ಬಕ್ಕಪ್ಪ ಊಟಕ್ಕೆ ಬಂದ.

ಮೊದಲು ಹೆಂಡತಿಯ ಕೂದಲು ಹಿಡಿದು ಗೋಡೆಗೆ ಬಡಿದ. ಹಣೆ ಒಡೆಯಿತು. "ನನ್ ಮನ್ಯಾಗ ಮಾಂಸ? ನನ್ ಆಸನದ ಮ್ಯಾಲ?" ಎನ್ನುತ್ತ ಹೊಟ್ಟೆಗೆ ಒದ್ದ. ಆಮೇಲೆ ಚಂದ್ರಿಯನ್ನು ಆಸನದ ಸಮೇತ ಸುತ್ತಿ ಎತ್ತಿ, ಬಾಗಿಲು ತೆರೆದು ಬೀದಿಗೆ ಎಸೆದ. ಈ ಸಲವೂ ಕೈಯಿಂದ ಮುಟ್ಟಲಿಲ್ಲ, ಅದನ್ನು ಗಮನಿಸಬೇಕು.

ಕಣ್ಣಿಲ್ಲದ ಬೆಕ್ಕು ಬೀದಿಯ ನಡುವೆ ಬೆನ್ನು ಬಾಗಿಸಿ ನಿಂತಿತು. ನಾಯಿಗಳು ಎಲ್ಲಿಂದ ಬರುತ್ತಿವೆ ಎಂದು ತಿಳಿಯದೆ ಸುತ್ತಲೂ ಬುಸುಗುಟ್ಟಿತು. ತುಳಜಾಬಾಯಿ ಖಾರ ಕುಟ್ಟುವ ಕಬ್ಬಿಣದ ಹಾರೆ ಎಳೆದುಕೊಂಡು ಗಂಡನನ್ನು ನೂಕಿ ಹೊರಬಿದ್ದಳು. ಮೊದಲ ಏಟಿಗೆ ಮುಂದಿದ್ದ ನಾಯಿಯ ತಲೆಬುರುಡೆ ಬಿರಿಯಿತು. ಇನ್ನೊಂದು ಅವಳ ಮೀನಖಂಡ ಕಚ್ಚಿ ಜಗ್ಗಿತು. ಅದರ ಬೆನ್ನ ಮೇಲೆ ಹಾರೆ ಬಿದ್ದು ಮೂಳೆ ಮುರಿದ ಸಪ್ಪಳ ಗಲ್ಲಿಗೆಲ್ಲ ಕೇಳಿತು. ಉಳಿದವು ಓಡಿದವು. ಚಂದ್ರಿ ಅವಳ ಸೀರೆ ಹಿಡಿದು ಹೆಗಲಿಗೆ ಹತ್ತಿ, ಹೆದರಿಕೆಯಲ್ಲಿ ಅವಳ ಕುತ್ತಿಗೆಯನ್ನೇ ಪರಚಿತು. ಜನ ಜಗಲಿಯ ಮೇಲೆ ನಿಂತು ನೋಡುತ್ತಿದ್ದರು. ಒಬ್ಬರೂ ಕೆಳಗಿಳಿಯಲಿಲ್ಲ, ಥೂ.

ಅವಳು ತಿರುಗಿ ಹೊಸ್ತಿಲಿಗೆ ಬಂದಾಗ ಬಕ್ಕಪ್ಪ ಬಾಗಿಲಿಗೆ ಅಡ್ಡ ನಿಂತು ಬಲಗೈ ಎತ್ತಿದ. ಇಪ್ಪತ್ತು ವರ್ಷ ಎತ್ತಿದ ಕೈ. ತುಳಜಾಬಾಯಿ ಆ ಮಣಿಕಟ್ಟಿಗೇ ಹಾರೆ ಬೀಸಿದಳು. ಎಲುಬು ಚರ್ಮ ಹರಿದು ಹೊರಗೆ ಬಂತು.

ಮರುದಿನ ಸಮಾಜದ ಹಿರಿಯ ಬಸವಣಪ್ಪ ನಾಲ್ಕು ಮಂದಿಯನ್ನು ಕರೆದುಕೊಂಡು ಬಂದ. ಮೂಲೆಯಲ್ಲಿ ಬಕ್ಕಪ್ಪ ಪ್ಲಾಸ್ಟರ್ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದ. ತುಳಜಾಬಾಯಿ ಹಣೆಗೆ, ಕಾಲಿಗೆ ಪಟ್ಟಿ ಕಟ್ಟಿಕೊಂಡು ನಿಂತಿದ್ದಳು. ಚಂದ್ರಿ ಅವಳ ಕಂಕುಳಲ್ಲಿತ್ತು.

"ಲಿಂಗ ಕಟ್ಟಿದ ಮನ್ಯಾಗ ಮಾಂಸ ತಂದೀಯಲ್ಲ, ತಂಗಿ," ಎಂದ ಬಸವಣಪ್ಪ. "ತಪ್ಪಾತು ಅನ್ನು. ಬೆಕ್ಕು ಬಿಟ್ಟು ಬಾ. ಮುಗೀತು."

"ಲಿಂಗ ನಾ ಕಟ್ಟೀನಿ ಕಾಕಾ, ಅವ್ರೂ ಕಟ್ಟ್ಯಾರ. ಬೆಕ್ಕಿಗಿ ಯಾರ್ ಕಟ್ಟ್ಯಾರ್ರಿ? ನಮ್ಮ ನೇಮ ಅದಕ್ಕ ಉಣಿಸಿ ಅದರ ಕಣ್ಣು ಕಳದೀನಿ. ಜೀವ ಕಳಿಯಾಂಗಿಲ್ಲ."

ಒಬ್ಬ ನಗು ತಡೆಯಲು ಕೆಮ್ಮಿದ. ಬಸವಣಪ್ಪನಿಗೆ ಸಿಟ್ಟು ಬಂತು.

"ಗಂಡನ ಕೈ ಮುರದೀ! ನಾಳಿ ಅವ ಮತ್ತ ಬಾಗಿಲಾ ತೆಗದು ಹೊರಗ ಒಗದ್ರ ಏನ್ ಮಾಡ್ತಿ?"

ತುಳಜಾಬಾಯಿ ಗಂಡನ ಕಡೆ ನೋಡಲೂ ಇಲ್ಲ.

"ಇನ್ನೊಂದ್ ಕೈ ಅದ ರೀ ಅವ್ರಿಗಿ," ಎಂದಳು.

ಹಿರಿಯರು ಚಹಾ ಕುಡಿಯದೆ ಎದ್ದರು. ಅವತ್ತಿನಿಂದ ವಜೀರಬಿ ಕಲೇಜಿಯನ್ನು ಹಗಲು ಹೊತ್ತಿನಲ್ಲಿ, ಮುಂಬಾಗಿಲಿನಿಂದಲೇ ತಂದು ಕೊಟ್ಟಳು. ಚಂದ್ರಿ ಆ ಮನೆಯೊಳಗೆ ೨೦೦೬ರವರೆಗೆ ಬದುಕಿತು. ಅಷ್ಟು ವರ್ಷವೂ ಬಕ್ಕಪ್ಪ ಅದರ ಮುಂದೆ ಹಾಯುವಾಗ ತಾನೇ ಗೋಡೆಗೆ ಸರಿದು ದಾರಿ ಬಿಡುತ್ತಿದ್ದ.