ದಿಂಬು ಇಟ್ಟ ಜನಾಜಾ

ಮುನ್ನಿ, ಗುಡ್ಡು,

ನಿಮ್ಮ ಅಪ್ಪನ ತಾಯಿ, ನಿಮ್ಮ ದಾದಿಯಾದ ನಾನು ಹೆಚ್ಚು ಮಾತಾಡುವವಳಲ್ಲ. ಮನೆಗೆ ಯಾರಾದರೂ ಬಂದರೆ ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲುತ್ತೇನೆ, ನೀವು ನಗುತ್ತೀರಿ. ಶಿರೂರಿನ ಸಾಲೆಯಲ್ಲಿ ಕಲಿತ ಕನ್ನಡ ಇನ್ನೂ ಕೈಯಲ್ಲಿ ಉಳಿದಿದೆ, ಅದಕ್ಕೆ ಬರೆಯುತ್ತಿದ್ದೇನೆ. ಮನೆಯಲ್ಲಿ ನಾವು ಆಡಿದ ಮಾತುಗಳನ್ನೂ ಕನ್ನಡದಲ್ಲೇ ಹಾಕಿದ್ದೇನೆ.

ಇಳಕಲ್ಲಿನ ನಮ್ಮ ಓಣಿಯಲ್ಲಿ ಹೆಂಗಸರು ತೀರಿಕೊಂಡರೆ ಮೈ ತೊಳೆಯಲು ನನ್ನನ್ನೇ ಕರೆಯುತ್ತಿದ್ದರು. ಆ ಕೆಲಸ ಮೊದಲು ನನ್ನ ಅತ್ತೆಯದಾಗಿತ್ತು. ಬೋರೆ ಎಲೆ ಹಾಕಿ ಕಾಯಿಸಿದ ನೀರು, ಕರ್ಪೂರ, ಬಿಳಿ ಬಟ್ಟೆ. ಎಲ್ಲರೂ ಇದನ್ನು ಸವಾಬಿನ, ಪುಣ್ಯದ ಕೆಲಸ ಎನ್ನುತ್ತಿದ್ದರು. ಆದರೆ ಬಸಿರಿಯರು ನನ್ನನ್ನು ಕಂಡರೆ ಸೆರಗನ್ನು ಹೊಟ್ಟೆಯ ಮೇಲೆ ಎಳೆದುಕೊಂಡು ಗೋಡೆಗೆ ಸರಿಯುತ್ತಿದ್ದರು. ನಾನೂ ನನ್ನ ನೆರಳು ತಾಗದ ಹಾಗೆ ಆಚೆ ಬದಿ ಹಿಡಿದು ನಡೆಯುತ್ತಿದ್ದೆ.

ಹೆರಿಗೆಯಲ್ಲಿ ಸತ್ತವರನ್ನು ತೊಳೆಯುವುದು ಬೇರೆ. ಒಬ್ಬಳ ಮೈಗೆ ನೀರು ಹಾಕುವಾಗ ಎದೆಯಿಂದ ಹಾಲು ಇಳಿಯಿತು. ಒರೆಸಿದೆ. ಮತ್ತೆ ಇಳಿಯಿತು. ಪಕ್ಕದ ಕೋಣೆಯಲ್ಲಿ ಕೂಸು ಅಳುತ್ತಿತ್ತು. ನನ್ನ ಜೊತೆ ತೊಳೆಯಲು ಬರುತ್ತಿದ್ದ ಗೆಳತಿ ಕೂಸನ್ನು ಆಚೆ ಮನೆಗೆ ಒಯ್ಯಲು ಹೇಳಿದಳು. ಅಳು ದೂರವಾದ ಮೇಲೆ ಹಾಲು ನಿಂತಿತು. ನಾವಿಬ್ಬರೂ ಆ ಮಾತನ್ನು ಯಾರಿಗೂ ಹೇಳಲಿಲ್ಲ.

ಹೀಗೆ ಸತ್ತವಳಿಗೆ ಶಹೀದರ, ಹುತಾತ್ಮರ ದರ್ಜೆ ಎಂದು ಹಿರಿಯರು ಸಮಾಧಾನ ಹೇಳುವ ರೂಢಿ. ಒಂದು ಶುಕ್ರವಾರ ನಮಾಜು ಮುಗಿದ ಮೇಲೆ ಮಸೀದಿ ನೋಡಿಕೊಳ್ಳುವ ಮುತವಲ್ಲಿ ಸಾಹೇಬರು ಎದ್ದು ನಿಂತರಂತೆ. ನಿಮ್ಮ ದಾದಾ, ನನ್ನ ಯಜಮಾನರು, ಮನೆಗೆ ಬಂದು ಅವರ ಮಾತನ್ನು ಹಾಗೇ ಹೇಳಿದರು. "ದರ್ಜಾ ಆಕಿಗೆ ಸಿಗ್ತೈತಿ. ಗಾಡಿ ತರದ ಕುಂತ ನಮಗ ಏನ್ ಸಿಗ್ತೈತಿ?"

ಬಾಗಲಕೋಟೆಯಿಂದ ಬಂದವರೊಬ್ಬರು, ದೂರದ ದೇಶಗಳಲ್ಲೂ ಮಸೀದಿಯವರೇ ಮುಂದೆ ನಿಂತು ಬಾಣಂತಿಯರನ್ನು ಉಳಿಸುತ್ತಿದ್ದಾರೆ, ಆಫ್ರಿಕಾದ ಹಳ್ಳಿಗಳಲ್ಲಿ ಇಮಾಮರು ಇದನ್ನೇ ಸಾರುತ್ತಾರೆ ಎಂದು ತಿಳಿಸಿದರಂತೆ. ನಮ್ಮಲ್ಲೂ ಶುರುವಾಯಿತು. ಬಸಿರಿಯರನ್ನು ಮೊದಲ ತಿಂಗಳುಗಳಲ್ಲೇ ದವಾಖಾನೆಗೆ ತೋರಿಸಬೇಕು, ಹುಡುಗರು ರಕ್ತ ಕೊಡಲು ತಯಾರಿರಬೇಕು, ಯಾರಿಗಾದರೂ ತ್ರಾಸಾದರೆ ಮಸೀದಿಯ ಮೈಕಿನಲ್ಲಿ ಗಾಡಿ ಕೇಳಬೇಕು. ಕರೆದರೆ ಬಾಗಿಲಿಗೆ ಬರುವ ಗಾಡಿ ಆಗ ಇರಲಿಲ್ಲ. ಹೆಂಗಸರು ಮನೆಮನೆಗೆ ಹೋಗಿ ಹೇಳಬೇಕೆಂದರು, ನನ್ನನ್ನೂ ಸೇರಿಸಿದರು. ನನಗೆ ಮಾತು ಬರುವುದಿಲ್ಲ ಎಂದೆ. ಗೆಳತಿ ಎಲ್ಲರ ಎದುರೇ ಅಂದಳು, "ನೀ ಮಾತಾಡೂದ ಬ್ಯಾಡವಾ. ಬಾಗಲದಾಗ ಸುಮ್ನ ನಿಂದ್ರು. ನಿನ್ನ ಮಾರಿ ನೋಡಿ ಅವ್ರ ದವಾಖಾನಿಗೆ ಓಡ್ತಾರ." ಎಲ್ಲರೂ ನಕ್ಕರು. ಅದು ಖರೆಯೇ ಆಯಿತು. ನಾನು ನಿಂತ ಬಾಗಿಲುಗಳ ಬಸಿರಿಯರು ಮರುದಿನವೇ ಹೋಗಿ ತೋರಿಸಿಕೊಂಡರು.

ಮೈಕಿನ ವಿಷಯದಲ್ಲಿ ಮಾತ್ರ ಯಾರೂ ಒಂದು ವಿಚಾರ ಮಾಡಲಿಲ್ಲ. ಆಜಾನಿನ ಹೊತ್ತು ಬಿಟ್ಟು ಮೈಕು ಕರಕರ ಎಂದರೆ ನಮ್ಮ ಓಣಿಗೆ ಅದರ ಅರ್ಥ ಒಂದೇ. ಯಾರೋ ಹೋದರು.

ಅಂದು ಮಧ್ಯಾಹ್ನ ಕರೆಂಟು ಹೋಗಿ ಪವರ್‌ಲೂಮುಗಳೆಲ್ಲ ನಿಂತಿದ್ದವು. ಮಗ್ಗದ ಸದ್ದಿಲ್ಲದ ಓಣಿಯನ್ನು ನೀವು ಕಂಡಿಲ್ಲ. ಕಿವಿಯಲ್ಲಿ ಹತ್ತಿ ಇಟ್ಟ ಹಾಗೆ. ಕೆಂಪು ಧೂಳಿನ ಗಾಳಿ ಬೀಸುತ್ತಿತ್ತು. ನಿಮ್ಮ ಅಪ್ಪ ಕಲ್ಲಿನ ಲಾರಿಯ ಜೊತೆ ದೂರ ಹೋಗಿದ್ದ. ನಿಮ್ಮ ಅಮ್ಮನಿಗೆ ದಿನ ತುಂಬಿತ್ತು, ಮುನ್ನಿ, ನೀನು ಹೊಟ್ಟೆಯಲ್ಲಿದ್ದೆ. ಆಕೆ ಕರೆದಳು. ಹೋಗಿ ನೋಡಿದರೆ ಕೌದಿ ನೆನೆದಿತ್ತು, ರಕ್ತ ನಿಲ್ಲುತ್ತಿರಲಿಲ್ಲ. ಎಬ್ಬಿಸಿ ಕೂರಿಸಿದರೆ ಕಣ್ಣು ಮೇಲಾಗುತ್ತಿತ್ತು. ದಾದಾ ಮಸೀದಿಗೆ ಓಡಿದರು.

ಬ್ಯಾಟರಿಯ ಮೇಲೆ ಮೈಕು ಕರಕರ ಎಂದಿತು. ನಮ್ಮ ಮನೆಯ ಹೆಸರು ಹೇಳಿತು, ಸೊಸೆ ಎಂದಿತು. ಗಾಡಿ ಬೇಕು ಎನ್ನುವ ಮೊದಲೇ ಸದ್ದು ಹೋಯಿತು.

ಯಾರೂ ಓಡಿ ಬರಲಿಲ್ಲ. ಸತ್ತವರ ಮನೆಗೆ ಯಾರೂ ಓಡುವುದಿಲ್ಲ. ಹೆಂಗಸರು ತಲೆಯ ಮೇಲೆ ಸೆರಗು ಹೊದ್ದು ಒಬ್ಬೊಬ್ಬರಾಗಿ ಬಂದು ಪಡಸಾಲೆಯ ಗೋಡೆಗೆ ಕುಳಿತರು. ಒಬ್ಬಳು ಬೋರೆ ಎಲೆ ತಂದಿದ್ದಳು. ಗೆಳತಿ ಕರ್ಪೂರದ ಗಂಟು ಹಿಡಿದು ಬಂದು, ನೀರು ಇಟ್ಟಿದ್ದೀಯಾ ಎಂದು ಮೆಲ್ಲಗೆ ಕೇಳಿದಳು.

"ಇನ್ನೂ ಅದಾಳ," ಎಂದೆ.

"ಹೌದವಾ, ಹೌದು," ಎಂದು ನನ್ನ ಬೆನ್ನು ಸವರಿದಳು. ದುಃಖದಲ್ಲಿ ಹೆಂಗಸರು ಹಾಗೆಯೇ ಅನ್ನುತ್ತಾರೆ. ಎಷ್ಟೋ ಮನೆಗಳಲ್ಲಿ ನಾನೂ ಹಾಗೆಯೇ ಬೆನ್ನು ಸವರಿದ್ದೆ.

ಒಳಗಿನಿಂದ ನಿಮ್ಮ ಅಮ್ಮ ನರಳಿದಳು. ಗೋಡೆಗೆ ಕುಳಿತವರೆಲ್ಲ ಒಮ್ಮೆಲೇ ಎದ್ದು ಬಾಗಿಲಲ್ಲಿ ಗುಂಪಾದರು. ಆಕೆ ಅವರನ್ನು ನೋಡಿದಳು, ಎಲೆ ನೋಡಿದಳು, ಆಮೇಲೆ ನನ್ನ ಕೈ ನೋಡಿದಳು.

"ಅಮ್ಮಾ, ನಾ ಹೋಗಿಬಿಟ್ಟೇನೇನು?"

ಆಗಲೇ ಗಂಡಸರು ಜನಾಜಾ, ಎಂದರೆ ಹೆಣ ಒಯ್ಯುವ ಮಂಚ, ಹೊತ್ತು ಬಾಗಿಲಿಗೆ ತಂದರು. ಅವರ ಹಿಂದೆಯೇ ದಾದಾ ಮತ್ತು ಮುತವಲ್ಲಿ ಸಾಹೇಬರು ಏದುತ್ತ ಬಂದು, ಆಕೆ ಬದುಕಿದ್ದಾಳೆ, ಗಾಡಿ ದೊಡ್ಡ ರಸ್ತೆಯಲ್ಲಿ ನಿಂತಿದೆ ಎಂದರು. ನಮ್ಮ ಓಣಿಯಲ್ಲಿ ಗಾಡಿ ಹಾಯುವುದಿಲ್ಲ. ಅಷ್ಟು ದೂರ ಮಲಗಿಸಿಕೊಂಡೇ ಒಯ್ಯಬೇಕಿತ್ತು, ನಮ್ಮ ಹೊರಸಾದರೆ ಮುರುಕಲು. ಎಲ್ಲರೂ ಜನಾಜಾ ನೋಡಿದರು. ನಿಮ್ಮ ಅಮ್ಮ ನನ್ನ ಸೆರಗು ಹಿಡಿದು, ಅದರಲ್ಲಿ ಬೇಡ ಎಂದಳು.

ನಾನು ನನ್ನ ತಲೆದಿಂಬು ತಂದು ಅದರಲ್ಲಿಟ್ಟೆ. "ನೋಡವಾ, ದಿಂಬು ಇಟ್ಟೇನಿ. ಹೋದವರಿಗೆ ಯಾರೂ ದಿಂಬು ಇಡಂಗಿಲ್ಲ."

ಆಕೆ ಸೆರಗು ಬಿಟ್ಟಳು.

ಜನಾಜಾದ ಹಿಂದೆ ಹೆಂಗಸರು ಹೋಗುವುದಿಲ್ಲ. ಅಂದು ನಾನು ಹೋದೆ. ಅಂಗಡಿಯವರು ಎದ್ದು ನಿಂತರು, ನೇಕಾರರು ಮಗ್ಗದ ಮನೆಯಿಂದ ಹೊರಬಂದು ಕೈ ಮುಗಿದರು, ಎದುರು ಬಂದವರು ಒಂದಿಷ್ಟು ದೂರ ಹೆಗಲು ಕೊಟ್ಟರು. ಹೊತ್ತವರ ತುಟಿಗಳಲ್ಲಿ, ಹೆಣ ಒಯ್ಯುವಾಗ ಹೇಳುವ ಕಲ್ಮಾ ತಾನಾಗಿಯೇ ಬರುತ್ತಿತ್ತು. ಮಂಚದ ಮೇಲೆ ನಿಮ್ಮ ಅಮ್ಮ ಕಣ್ಣು ತೆರೆದೇ ಇದ್ದಳು, ಮುಖದ ಮೇಲೆ ಧೂಳು ಕೂರುತ್ತಿತ್ತು. ಎಲ್ಲರೂ ನೆಲ ನೋಡಿ ನಡೆಯುತ್ತಿದ್ದರು, ಆಕೆಯ ಮುಖವನ್ನು ಯಾರೂ ನೋಡುತ್ತಿರಲಿಲ್ಲ. ಆಕೆ ಬದುಕಿಲ್ಲವೇನೋ, ನರಳಿದ್ದು ನನಗೊಬ್ಬಳಿಗೇ ಕೇಳಿಸಿತೇನೋ ಎಂದು ಒಂದು ಗಳಿಗೆ ನನಗೇ ಅನಿಸಿತು.

ಓಣಿ ಮುಗಿದಲ್ಲಿ ದಾರಿ ಎರಡಾಗುತ್ತದೆ. ಬಲಕ್ಕೆ ದೊಡ್ಡ ರಸ್ತೆ, ಎಡಕ್ಕೆ ಖಬರಸ್ತಾನ. ಗಾಡಿ ತಯಾರು ಮಾಡಲು ದಾದಾ ಮತ್ತು ಸಾಹೇಬರು ಮುಂದೆ ಹೋಗಿಬಿಟ್ಟಿದ್ದರು. ಹೊತ್ತವರು ಎಡಕ್ಕೆ ಹೊರಳಿದರು.

ತಪ್ಪು ಅವರದಲ್ಲ. ಆ ಭಾರ ಹೆಗಲಿಗೆ ಬಂದರೆ ಅವರ ಕಾಲು ಬೇರೆ ದಾರಿ ಕಂಡೇ ಇರಲಿಲ್ಲ. ಹಿಂದೆ ಬಂದವರೂ ಸುಮ್ಮನೆ ಹೊರಳಿದರು. ನಾನು ಯಾವ ಗಂಡಸಿನ ಎದುರೂ ದನಿ ಎತ್ತಿದವಳಲ್ಲ. ಖಬರಸ್ತಾನದ ಗೋಡೆ ಕಾಣತೊಡಗಿತು.

"ಆ ಕಡೆ ಅಲ್ರಿ," ಎಂದೆ. ಯಾರೂ ನಿಲ್ಲಲಿಲ್ಲ. ಮುಂದೆ ಓಡಿ, ಮಂಚದ ಕಾಲು ಹಿಡಿದು ನಿಂತೆ. "ದವಾಖಾನಿ ಈ ಕಡೆ ಐತ್ರಿ. ಆಕಿ ಉಸಿರಾಡಾಕತ್ತಾಳ."

ನಿಂತರು. ಗೋಡೆ ನೋಡಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಿಂದಕ್ಕೆ ಹೊರಳಿ, ದೊಡ್ಡ ರಸ್ತೆಯ ಕಡೆ ಓಡತೊಡಗಿದರು. ಜನಾಜಾ ಹೊತ್ತು ಓಡುವವರನ್ನು ಇಳಕಲ್ಲಿನವರು ಅಂದೇ ಕಂಡದ್ದು.

ಗಾಡಿ ಹುನಗುಂದ ದಾಟಿ ಬಾಗಲಕೋಟೆಯ ದೊಡ್ಡ ದವಾಖಾನೆಗೆ ಹೋಯಿತು. ಮಣ್ಣಿಗೆಂದು ಬಂದಿದ್ದ ಹುಡುಗರೇ ಹಿಂದಿನಿಂದ ಬಂದು ರಕ್ತ ಕೊಟ್ಟರು. ಕತ್ತಲಾಗುವ ಮೊದಲು ನೀನು ಹುಟ್ಟಿದೆ, ನಿಮ್ಮ ಅಮ್ಮ ಉಳಿದಳು. ಬಾಣಂತನಕ್ಕೆ ಮನೆಗೆ ಬಂದಾಗ ಆಕೆಗೆ ಎರೆಯಲು ನೀರು ಕಾಯಿಸಿದೆ. ಆಕೆ ನನ್ನ ಕೈಯಿಂದ ಎರೆಸಿಕೊಳ್ಳಲಿಲ್ಲ. ನಾನೂ ಒತ್ತಾಯ ಮಾಡಲಿಲ್ಲ, ಬೇರೆಯವರನ್ನು ಕರೆಸಿದೆ. ಇಂದಿಗೂ ಆಕೆಯ ತಲೆಗೆ ನಾನು ಒಂದು ತಂಬಿಗೆ ನೀರೂ ಹಾಕಿಲ್ಲ. ಉಳಿದ ಎಲ್ಲದರಲ್ಲೂ ಆಕೆ ನನಗೆ ಮಗಳೇ.

ಮುಂದೆ ಮಸೀದಿಯವರು ಬಸಿರಿಯರಿಗೆಂದು ಬೇರೆ ಕಬ್ಬಿಣದ ಮಂಚ ಮಾಡಿಸಿ, ಹಸಿರು ಬಣ್ಣ ಬಳಿಸಿದರು. ಮೈಕಿನಲ್ಲಿ ಮೊದಲು "ಜೀವಂತ ಅದಾರ" ಎಂದು ಹೇಳಿ, ಆಮೇಲೆ ಮನೆಯ ಹೆಸರು ಹೇಳುವುದು ರೂಢಿಯಾಯಿತು. ಆ ಮಂಚದಲ್ಲಿ ಹೋದ ಎಷ್ಟೋ ಜನ ಕೂಸು ಎತ್ತಿಕೊಂಡು ತಿರುಗಿ ಬಂದರು.

ಮುನ್ನಿ, ನೀನು ಜನಾಜಾದ ಮೇಲೆ ಹುಟ್ಟಿದವಳು ಎಂದು ಓಣಿಯ ಕೆಲವರು ಹಿಂದಿನಿಂದ ಆಡುತ್ತಾರೆ. ಅದು ಸುಳ್ಳು. ನೀನು ದವಾಖಾನೆಯಲ್ಲಿ, ತಾಯಿ ಜೀವಂತ ಇರುವಾಗ ಹುಟ್ಟಿದೆ. ಮುಂದೆ ಯಾರಾದರೂ ಕೇಳಿದರೆ ಹೇಳಲು ನಾನು ಇರುವುದಿಲ್ಲ. ಈ ಹಾಳೆಗಳನ್ನು ಗೆದ್ದಲು ಹತ್ತದ ಕಡೆ, ನಿಮ್ಮ ಅಮ್ಮನ ಕಣ್ಣಿಗೆ ಬೀಳದ ಹಾಗೆ ಇಬ್ಬರೂ ಸೇರಿ ಜೋಪಾನ ಮಾಡಿರಿ.