ಜೌಗಿಗೆ ಬಡಿಸಿದ ಊಟ

ನೆಲಕ್ಕೂ ಹಸಿವಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ ಆಗ ನಾನು ನಕ್ಕುಬಿಡುತ್ತಿದ್ದೆ. ನಾನು ಮಣ್ಣು ಪರೀಕ್ಷಿಸುವ ಎಂಜಿನಿಯರ್. ಮಣ್ಣು ಎಷ್ಟು ಭಾರ ತಡೆಯುತ್ತದೆ ಎನ್ನುವುದಷ್ಟೇ ನನಗೆ ಬೇಕಿತ್ತು. ಅದರ ಕಷ್ಟಸುಖ ವಿಚಾರಿಸುವ ಅಭ್ಯಾಸ ಇರಲಿಲ್ಲ. ನೀವು ಇದನ್ನು ನಂಬಲೇಬೇಕೆಂದು ನನ್ನ ಒತ್ತಾಯವೇನೂ ಇಲ್ಲ.

ಅದು ತೊಂಬತ್ತರ ದಶಕ. ಶಿಕಾರಿಪುರ, ಸೊರಬದ ಕಡೆಗೆ ರೈಲು ಬಂದೀತೆಂಬ ಆಸೆ ಜನರಲ್ಲಿತ್ತು. ಬಂದರೆ ಗೂಡ್ಸ್ ಗಾಡಿ ನಿಲ್ಲಿಸಲು ಪಕ್ಕದಲ್ಲೊಂದು ಹಳಿ ಬೇಕು. ಅದಕ್ಕೆ ಹೊಸಬಾಳೆ ಕಡೆ ಎರಡು ಜಾಗ ನೋಡಿದ್ದರು. ಒಂದು ಜೌಗು, ಇನ್ನೊಂದು ಅದಕ್ಕೆ ತಾಗಿದ, ಗಂಗಮ್ಮ ಎಂಬುವರ ಗದ್ದೆ. ಜೌಗು ಭಾರ ತಡೆಯದಿದ್ದರೆ ಗದ್ದೆ ಹೋಗುತ್ತಿತ್ತು. ಅವರಿಗಿದ್ದ ಜಮೀನು ಅದೊಂದೇ.

ಜೌಗಿನ ಮೇಲೆ ಮಣ್ಣು ಸುರಿಸಿ ಒಂದು ದಿಬ್ಬ ಮಾಡಿಸಿದೆ. ಗಟ್ಟಿ ನೆಲದಲ್ಲಿ ನಿಂತು ದಿನಾ ಬೆಳಿಗ್ಗೆ ಅದರ ಮಟ್ಟ ನೋಡುತ್ತಿದ್ದೆ. ದಿಬ್ಬ ದಿನಾ ಇಳಿಯುತ್ತಿತ್ತು. ಮತ್ತೆ ಮತ್ತೆ ಮಣ್ಣು ಸುರಿಸಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಅಷ್ಟರಲ್ಲಿ ಭೂಮಿ ಹುಣ್ಣಿಮೆ ಬಂತು. ಬಸುರಿ ಭೂಮಿಗೆ ಬಯಕೆಯ ಊಟ ಬಡಿಸುವ ಹಬ್ಬ. ಅವತ್ತು ಯಾರೂ ನೆಲ ಅಗೆಯುವುದಿಲ್ಲ. ಮಟ್ಟ ನೋಡಿದರೆ ತಪ್ಪೇನಿಲ್ಲವಲ್ಲ ಎಂದು ನಸುಕಿನಲ್ಲೇ ಹೋದೆ. ಗಂಗಮ್ಮ ತಮ್ಮ ಗದ್ದೆಗೆ ನೈವೇದ್ಯದ ಚರಗ ಬೀರಿ ಮುಗಿಸಿ, ಬಾಳೆಲೆಯಲ್ಲಿ ಕಡುಬು, ಸೊಪ್ಪಿನ ಪಲ್ಯ ತಂದು ದಿಬ್ಬದ ಬುಡದಲ್ಲಿ ಇಡುತ್ತಿದ್ದರು.

"ಏನಮ್ಮಾ, ಜೌಗಿಗೂ ಬಯಕೆಯಾ?" ಎಂದು ತಮಾಷೆ ಮಾಡಿದೆ.

"ನಮ್ಮ ಗದ್ದೆ ವರ್ಷಾ ಉಣ್ತದೆ. ಇದ್ಕೆ ಯಾರು ಬಡ್ಸ್ಯಾರೆ?" ಎಂದರು. "ಹಸಿದೋರ ತಲೆಮೇಲೆ ಹೊರೆ ಹೊರ್ಸಿದ್ರೆ ಕಾಲು ಕುಸಿಯದಿಲ್ವೇನ್ರೀ?"

ಪಾಪ ಅನ್ನಿಸಿತು. ಗದ್ದೆ ಉಳಿಯುವುದಿಲ್ಲವೆಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಮರುದಿನ ದಿಬ್ಬ ಇಳಿದಿರಲಿಲ್ಲ. ಮಟ್ಟ ನೋಡುವ ನನ್ನ ಯಂತ್ರವೇ ಕೆಟ್ಟಿರಬೇಕೆಂದು ಬೇರೆ ತರಿಸಿ ನೋಡಿದೆ. ಅದರ ಮರುದಿನವೂ ಇಳಿಯಲಿಲ್ಲ. ಇನ್ನಷ್ಟು ಮಣ್ಣು ಹೇರಿಸಿದೆ, ತುಸುವೂ ಅಲುಗಲಿಲ್ಲ. ಭಾರ ಬಿದ್ದ ಜೌಗು ನೀರು ಬಿಟ್ಟು ಗಟ್ಟಿಯಾಗುವುದುಂಟು. ಆದರೆ ಅದಕ್ಕೆ ತಿಂಗಳುಗಟ್ಟಲೆ ಬೇಕು, ಬೆಳಗಾಗುವುದರೊಳಗೆ ಆಗುವ ಕೆಲಸವಲ್ಲ.

ಜೌಗೇ ಸಾಕು, ಗದ್ದೆ ಬೇಡ ಎಂದು ಬರೆದುಕೊಟ್ಟೆ. ಸುದ್ದಿ ತಿಳಿಸಲು ಹೋದಾಗ ನನಗೇ ಹೆಚ್ಚು ಖುಷಿಯಾಗಿತ್ತು. ಗಂಗಮ್ಮ ಮಾತ್ರ, "ಹಂಗಾದ್ರೆ ಇನ್ಮೇಲೆ ಎರಡೂ ಕಡೆ ಬಡ್ಸ್ಬೇಕು" ಎಂದು, ಮನೆಯಲ್ಲಿ ಉಣ್ಣುವವರು ಒಬ್ಬರು ಹೆಚ್ಚಾದರೆಂಬಂತೆ ಯೋಚನೆಗೆ ಬಿದ್ದರು.

ಆ ಹಳಿ ಇನ್ನೂ ಬಂದಿಲ್ಲ. ಬಂದೀತು ಎಂಬ ನಂಬಿಕೆ ನನಗಿದೆ. ಗದ್ದೆಯಲ್ಲಿ ಈಗಲೂ ಭತ್ತ ಬೆಳೆಯುತ್ತಿದೆ. ದಿಬ್ಬ ನಿಂತದ್ದು ಹೇಗೆಂದು ನನ್ನ ಮೇಲಧಿಕಾರಿ ಅಂದೇ ಕೇಳಿದ್ದರು. ಸ್ವಲ್ಪ ಓದಿ ಹೇಳುತ್ತೇನೆ ಸಾರ್ ಎಂದಿದ್ದೆ. ಅವರು ನಿವೃತ್ತರಾದರು, ನಾನೂ ಆದೆ. ಇನ್ನೂ ಓದುತ್ತಿದ್ದೇನೆ.