ಬುಡ ಮೇಲಾದ ಕಂಬಗಳು

ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಅಪ್ಪನ ಜೊತೆ ಬಡಗಿ ಕೆಲಸಕ್ಕೆ ಇಳಿದವನು ನಾನು. ಆದರೆ ಮರದ ವಿಷಯದಲ್ಲಿ ನನಗೆ ಪಾಠ ಹೇಳುವವರು ಈ ದೇಶದಲ್ಲಿ ಸಿಗಲಾರರು ಅಂದುಕೊಂಡಿದ್ದೆ. ಹೆಂಡತಿಗೆ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿ ಐರ್ಲೆಂಡಿನ ಆಡಮ್ಸ್‌ಟೌನಿಗೆ ಬಂದೆವು. ಒಂದು ವರ್ಷ ಸಿಟಿವೆಸ್ಟಿನ ಗೋಡೌನಿನಲ್ಲಿ ಡಬ್ಬ ಎತ್ತಿದೆ. ಆಮೇಲೆ ಹಳೇ ಮನೆ ರಿಪೇರಿ ಮಾಡುವ ಐರಿಶ್ ಮೇಸ್ತ್ರಿಯೊಬ್ಬ ಸೇರಿಸಿಕೊಂಡ. ಆರು ತಿಂಗಳು ನೋಡ್ತೀನಿ, ಕೈ ಚೆನ್ನಾಗಿದ್ರೆ ಬಡಗಿ ಅಂತ ಇಟ್ಕೊಳ್ತೀನಿ, ಇಲ್ದಿದ್ರೆ ಇಲ್ಲ ಅಂದಿದ್ದ. ಐದು ತಿಂಗಳು ಕಸ ಗುಡಿಸಿದೆ, ಮರದ ಗೂಟ ಕೆತ್ತಿದೆ.

ನಾವು ರಿಪೇರಿ ಮಾಡುತ್ತಿದ್ದ ಮನೆ ಇದ್ದದ್ದು ಲೀಕ್ಸ್‌ಲಿಪ್ ಊರು ದಾಟಿ, ಹೊಲಗಳ ನಡುವೆ. ಇಂಗ್ಲೆಂಡಿನಿಂದ ಬಂದ ಕುಟುಂಬವೊಂದು ಯಾವ ಕಾಲದಲ್ಲೋ ತಮ್ಮ ಕಡೆಯ ರೀತಿಯಲ್ಲೇ ಕಟ್ಟಿಸಿದ್ದಂತೆ. ಕಂಬ, ತೊಲೆ, ಓರೆ ಆಸರೆ ಎಲ್ಲ ಓಕ್ ಮರ. ನಡುವಿನ ಜಾಗಕ್ಕೆ ಕಡ್ಡಿ ಹೆಣೆದು ಮಣ್ಣು ಮೆತ್ತಿ ಸುಣ್ಣ ಬಳಿದಿದ್ದರು. ಗೋಡೆ ಕಿತ್ತರೂ ಮನೆ ನಿಲ್ಲುತ್ತದೆ. ಜೋಡಣೆಗಳಲ್ಲಿ ಒಂದು ಮೊಳೆಯಿಲ್ಲ, ಬರೀ ಗೂಟ.

ಆದರೆ ಕಂಬಗಳನ್ನು ಎರಡೆರಡು ಸಲ ಸುತ್ತಿ ನೋಡಿದೆ. ಒಂದೊಂದೂ ಮೇಲೆ ದಪ್ಪ, ಕೆಳಗೆ ಸಣ್ಣ. ಗಂಟುಗಳು ನೆಲದ ಕಡೆ ಬಾಗಿದ್ದವು. ಅಷ್ಟೂ ಕಂಬ ತಲೆಕೆಳಗು! ಮರ ಹೇಗೆ ಬೆಳೆದಿತ್ತೋ ಹಾಗೇ ನಿಲ್ಲಿಸಬೇಕು, ಬುಡ ಮೇಲಾದರೆ ಮನೆ ಏಳಿಗೆಯಾಗಲ್ಲ ಅಂತ ನಮ್ಮಪ್ಪ ಕಲಿಸಿದ್ದು. ಹಿಂದೆ ಯಾರೋ ಬಿಚ್ಚಿ ಉಲ್ಟಾ ಜೋಡಿಸಿದ್ದಾರೆ, ಮೇಸ್ತ್ರಿ ಅದನ್ನು ಮುಚ್ಚಿಡ್ತಿದ್ದಾನೆ ಅನ್ನಿಸಿತು. ಮನೆಯ ಒಡತಿಗೆ ಅವನು ಎಲ್ಲ ಮೊದಲಿನ ಹಾಗೇ ಇದೆ ಅಂದಾಗಂತೂ ಅನುಮಾನ ಗಟ್ಟಿಯಾಯಿತು.

ಹೆಂಡತಿಗೆ ಹೇಳಿದೆ. "ಅವ್ನನ್ನೇ ಕೇಳ್ಬಿಡ್ರೀ. ಬಾಯಿ ಬಿಟ್ರೆ ಮುತ್ತು ಉದುರತ್ತಾ?" ಅಂದಳು.

ನಾನು ಕೇಳಲಿಲ್ಲ. ಕೇಳಿದರೆ ನನಗೆ ಗೊತ್ತಿಲ್ಲ ಅಂದ ಹಾಗಾಗುತ್ತಲ್ಲ.

ಆರನೇ ತಿಂಗಳು ಮೇಸ್ತ್ರಿ ಗೆದ್ದಲು ಹಿಡಿದಂತೆ ಪುಡಿಯಾದ ಒಂದು ಕಂಬ ತೋರಿಸಿ, ಹೊಸದು ನೀನೇ ಕಡಿ ಅಂದ. ನನ್ನ ಪರೀಕ್ಷೆ ಅದು. ನಾನು ದಿಮ್ಮಿಯ ಬುಡ ಕೆಳಕ್ಕೇ ಬರುವಂತೆ ಗುರುತು ಹಾಕಿ, ದಪ್ಪ ತುದಿಯನ್ನು ಹಳೇ ಕಂಬದ ಕಾಲಿನ ಅಳತೆಗೆ ಕೆತ್ತಿ ಸಣ್ಣ ಮಾಡಿ, ನಾಲ್ಕು ದಿನ ಬೆವರು ಸುರಿಸಿದೆ. ಇವರ ಮೋಸ ಒಂದು ಕಂಬದಲ್ಲಾದರೂ ಸರಿಯಾಗಲಿ ಅಂತ.

ನೆಲದ ಮೇಲೆ ಜೋಡಿಸಿ ನೋಡುವಾಗ ಮೇಲಿನ ತುದಿಯಲ್ಲಿ ಎರಡು ತೊಲೆ ಕೂರಲೇ ಇಲ್ಲ. ಜಾಗವೇ ಇರಲಿಲ್ಲ.

ಮೇಸ್ತ್ರಿ ಕೂಗಾಡಲಿಲ್ಲ. ಏಣಿ ಹತ್ತಿಸಿ ಹಳೇ ಕಂಬದ ನೆತ್ತಿ ತೋರಿಸಿದ. ಗೋಡೆಯುದ್ದಕ್ಕೆ ಮಲಗಿದ ತೊಲೆ ಒಂದು, ಮನೆಗೆ ಅಡ್ಡ ಬಂದ ತೊಲೆ ಇನ್ನೊಂದು, ಎರಡೂ ಒಂದೇ ಕಂಬದ ತಲೆಗೆ. ಎರಡಕ್ಕೂ ಮರ ಸಾಲಬೇಕಾದರೆ ದಪ್ಪ ಬುಡವೇ ಮೇಲಿರಬೇಕು. ಕಟ್ಟಿದವರು ಬೇಕೆಂದೇ ಹಾಗೆ ಮಾಡಿದ್ದರು.

"ಯಾಕೆ ಕೇಳ್ಲಿಲ್ಲ?" ಅಂದ.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ನೀನು ಏನೋ ಮುಚ್ಚಿಡ್ತಿದೀಯ ಅಂದ್ಕೊಂಡಿದ್ದೆ," ಅಂದೆ.

ಅವನು ನಾನು ಕೆತ್ತಿದ ಗೂಟವೊಂದನ್ನು ಕೈಗೆತ್ತಿಕೊಂಡ. "ನಾನೂ ದಿನಾ ನೀನು ಹೋದ್ಮೇಲೆ ನಿನ್ನ ಗೂಟ ಅಳೀತಿದ್ದೆ. ಒಂದೂ ತಪ್ಪಿರ್ಲಿಲ್ಲ. ಇನ್ನೊಂದೇ ದಿಮ್ಮಿ ಇರೋದು, ನೋಡ್ಕೋ."

ಎರಡನೆಯದನ್ನು ಬುಡ ಮೇಲಾಗಿ ಕಡಿದೆ. ಕೈ ಒಪ್ಪಲಿಲ್ಲ, ಆದರೂ ಕಡಿದೆ. ತೊಲೆಗಳು ಕೂತವು. ಮೇಸ್ತ್ರಿ ತಟ್ಟಿ ನೋಡಿ 'ಗ್ರ್ಯಾಂಡ್' ಅಂದ, ಚೆನ್ನಾಗಿದೆ ಅನ್ನೋಕೆ ಇಲ್ಲಿನವರ ಮಾತು; ಸೋಮವಾರದಿಂದ ನೀನು ಬಡಗಿ ಅಂದ. ಅವನು ಸುರಿಯೋ ಮಳೆಗೂ ಗ್ರ್ಯಾಂಡ್ ಅನ್ನುವವನು. ಅದಕ್ಕೇ ಅವನು ಊಟಕ್ಕೆ ಹೋದಾಗ ಏಣಿ ಹತ್ತಿ ಸಂದು ಉಳಿದಿದೆಯಾ ಅಂತ ಒಂದೊಂದು ಜೋಡಣೆಗೂ ಕಾಗದ ತೂರಿಸಿ ನೋಡಿದೆ. ಎಲ್ಲೂ ಒಳಗೆ ಹೋಗಲಿಲ್ಲ. ಆಮೇಲೆ ಕೆಲಸ ಗಟ್ಟಿಯಾಯಿತು ಅಂತ ಹೆಂಡತಿಗೆ ಫೋನ್ ಮಾಡಿದೆ.